ಸಾವಿರ ವಾಟಿನ ಜಗಲಿ ಕಟ್ಟೆ

(ನಮ್ಮ ಊರಿನ ಓದುಗರ ಬಳಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಮೈಕು ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೇಡಿಯೋದಲ್ಲಿ ಫೋನ್-ಇನ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ನನಗಂತೂ ಒಂದೇ ವಾಕ್ಯ: "ನಿಮ್ಮ ರೇಡಿಯೋ ಸೌಂಡ್ ಸ್ವಲ್ಪ ಕಮ್ಮಿ ಮಾಡಿ." ಕೆಲವು ವರ್ಷ ನಾನು ತಾತ್ಕಾಲಿಕ ಉದ್ಘೋಷಕನಾಗಿದ್ದೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆಮೇಲೆ ಊಟ ಆಯ್ತಾ, ಏನ್ ಸಾರು, ಮಳೆ ಹೇಗಿದೆ, ಯಾವ ಹಾಡು ಬೇಕು. ಅದೂ ಒಂದು ಸುಖವೇ, ಇಲ್ಲ ಅನ್ನುವುದಿಲ್ಲ. ಆದರೆ ಫೋನ್ ಮಾಡಿದವರು ಹಾಡು ಬಿಟ್ಟು ತಮ್ಮೂರಿನ ರಸ್ತೆ, ಪೊಲೀಸ್ ಠಾಣೆ ಅಂತ ಶುರು ಮಾಡಿದರೆ ನನ್ನ ಬೆರಳು ತಾನಾಗಿ ದನಿ ಇಳಿಸುವ ಫೇಡರ್ ಮೇಲೆ ಹೋಗುತ್ತಿತ್ತು. ನಮಗೆ ಹಾಗೇ ಹೇಳಿಕೊಟ್ಟಿದ್ದರು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದೆ, ಅಮೆರಿಕದ ಮೇರಿಲ್ಯಾಂಡಿಗೆ. ವಾಷಿಂಗ್ಟನ್ ಡಿ.ಸಿ.ಗೆ ಅಂಟಿಕೊಂಡ ಊರು. ಅವಳ ಕಾರಿನ ರೇಡಿಯೋ ತಿರುಗಿಸುತ್ತಾ ತಿರುಗಿಸುತ್ತಾ ಎಎಂ, ಅಂದರೆ ನಮ್ಮ ಮೀಡಿಯಂ ವೇವ್, 1450ಕ್ಕೆ ಬಂದೆ. ಒಂದೇ ಸಮನೆ ಮಾತು. ನಗು, ಬೈಗುಳ, ವಾದ, ಮತ್ತೆ ನಗು. ಅರ್ಧ ಅರ್ಥವಾಗಲಿಲ್ಲ, ಆದರೆ ಬಿಡಲೂ ಮನಸ್ಸಾಗಲಿಲ್ಲ. "ಅಪ್ಪಾ, ಯಾಕೆ ಸುಮ್ನೆ ಈ ಜಗಳ ಕೇಳ್ತೀರಿ?" ಅಂದಳು ಮಗಳು. ನಾನು ಉತ್ತರ ಕೊಡುವ ಹೊತ್ತಿಗೆ ಕಾರು ಊರು ದಾಟಿತ್ತು, ಸ್ಟೇಷನ್ ಕರಕರ ಅಂತ ಮಾಯವಾಗಿತ್ತು. ಅದು ಡಬ್ಲ್ಯುಓಎಲ್, ಕಪ್ಪು ಜನರ ಮಾತಿನ ಸ್ಟೇಷನ್. ಇವತ್ತಿನ ಮಾತು ಅದರ ಸುತ್ತ.

ಮೊದಲು ಆ ಕರಕರದ ವಿಷಯ ಹೇಳಿಬಿಡುತ್ತೇನೆ. ಹೆಸರು ಮಾಡಿದ ಕಾಲದಲ್ಲಿ ಡಬ್ಲ್ಯುಓಎಲ್‌ನ ಶಕ್ತಿ 1,000 ವಾಟ್. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಗೆ ಬೇಕಾಗುವಷ್ಟು. ಧಾರವಾಡ ಆಕಾಶವಾಣಿಯದು 2 ಲಕ್ಷ ವಾಟ್, ಹೋಲಿಸಿ ನೋಡಿ. ಅಮೆರಿಕದಲ್ಲಿ 1450 ಅನ್ನುವುದು ಊರೊಳಗಿನ ಪುಟ್ಟ ಸ್ಟೇಷನ್ನುಗಳಿಗೆ ಬಿಟ್ಟ ಜಾಗ. ಷಿಕಾಗೋದ ಕಪ್ಪು ಜನರ ದೊಡ್ಡ ಹೆಸರಿನ ಸ್ಟೇಷನ್ ಡಬ್ಲ್ಯುವಿಓಎನ್ 1963ರಲ್ಲಿ ಶುರುವಾದದ್ದೂ ಇದೇ 1450ರಲ್ಲಿ, ಇಷ್ಟೇ ವಾಟಿನಲ್ಲಿ. ಒಳ್ಳೆಯ ತರಂಗಗಳೆಲ್ಲ ಆಗಲೇ ದುಡ್ಡಿದ್ದವರ ಕೈಯಲ್ಲಿದ್ದವು. ಕಪ್ಪು ಜನರಿಗೆ ಸಿಕ್ಕಿದ್ದು ಉಳಿದದ್ದು, ಬಳಿದದ್ದು.

ನ್ಯೂಯಾರ್ಕಿನ ಡಬ್ಲ್ಯುಎಲ್‌ಐಬಿ ಕತೆ ಇನ್ನೂ ತಮಾಷೆ. 1972ರಲ್ಲಿ ಅದು ಕಪ್ಪು ಜನರ ಒಡೆತನಕ್ಕೆ ಬಂತು. ಕೊಂಡ ಗುಂಪಿನ ಮುಂದಾಳು ಪರ್ಸಿ ಸಟನ್, ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಅವರ ವಕೀಲರಾಗಿದ್ದವರು. ಆದರೆ ಲೈಸೆನ್ಸ್ ಹಗಲಿಗೆ ಮಾತ್ರ. ಸೂರ್ಯ ಮುಳುಗಿದರೆ ಬಾಯಿ ಮುಚ್ಚಬೇಕು. ಎಎಂ ಅಲೆಗಳು ರಾತ್ರಿ ಬಹಳ ದೂರ ಹೋಗುತ್ತವೆ, ಇಂಡಿಯಾನಾ ರಾಜ್ಯದಲ್ಲಿದ್ದ 50,000 ವಾಟಿನ ಸ್ಟೇಷನ್ನಿಗೆ ತೊಂದರೆ ಆಗುತ್ತದೆ ಅನ್ನುವುದು ಕಾರಣ. ಕೊನೆಗೆ 90ರ ದಶಕದಲ್ಲಿ ಸಟನ್ ಅವರ ಕಂಪನಿ ಆ ಇಂಡಿಯಾನಾ ಸ್ಟೇಷನ್ನನ್ನೇ ಕೊಂಡುಕೊಂಡು, ಅದರ ರಾತ್ರಿಯ ಶಕ್ತಿ ಇಳಿಸಿ, ತಮ್ಮ ಸ್ಟೇಷನ್ನಿನ ರಾತ್ರಿ ಬಾಯಿ ಬಿಡಿಸಿಕೊಂಡಿತು. ಪಕ್ಕದ ಮನೆಯವನ ಗೋಡೆ ಅಡ್ಡ ಅಂತ ಮನೆಯನ್ನೇ ಕೊಂಡ ಹಾಗೆ.

ಸಾವಿರ ವಾಟ್ ಅಂದರೆ ಊರು ದಾಟದ ದನಿ. ಇದು ಕೊರತೆ ಹೌದು. ಆದರೆ ಕೇಳುವವರೆಲ್ಲ ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಓಡಾಡುವವರು. ನಮ್ಮ ಹಳ್ಳಿಯ ಜಗಲಿ ಕಟ್ಟೆ ಇದ್ದ ಹಾಗೆ. ಕಟ್ಟೆಯ ಮೇಲೆ ಒಳ್ಳೆಯ ಮಾತೂ ಬರುತ್ತದೆ, ಚಾಡಿಯೂ ಬರುತ್ತದೆ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತರುವವರು ಯಾರೂ ಇಲ್ಲ.

ವಾಷಿಂಗ್ಟನ್ ಅಂದರೆ ನಮಗೆ ಶ್ವೇತಭವನ ಅಷ್ಟೇ. ಆದರೆ 1980ರ ಜನಗಣತಿಯಲ್ಲಿ ಆ ಊರಿನ ನೂರರಲ್ಲಿ 70 ಜನ ಕಪ್ಪು ಜನ. ದೇಶದ ರಾಜಧಾನಿ, ಆದರೆ ಊರಿಗೆ ಒಬ್ಬ ಸೆನೆಟರ್ ಇಲ್ಲ. ತಮ್ಮ ಮೇಯರನ್ನು ತಾವೇ ಆರಿಸುವ ಹಕ್ಕು ವಾಪಸು ಬಂದದ್ದೇ 70ರ ದಶಕದಲ್ಲಿ. ಓಟಿನ ಬಲ ಇಲ್ಲದ ಕಡೆ ಬಾಯಿ ಜೋರಾಗುತ್ತದೆ, ಅಲ್ವಾ?

ಆ ಜೋರು ಬಾಯಿಯ ಮೊದಲ ದೊಡ್ಡ ಹೆಸರು ಪೀಟಿ ಗ್ರೀನ್. ಅಪ್ಪ ಅಮ್ಮ ಇಟ್ಟ ಹೆಸರು ರಾಲ್ಫ್ ವಾಲ್ಡೋ ಗ್ರೀನ್. ಮನುಷ್ಯ ಆಯುಧ ತೋರಿಸಿ ದರೋಡೆ ಮಾಡಿ ಜೈಲಿಗೆ ಹೋದವನು. ಜೈಲಿನಲ್ಲೇ ಮೈಕ್ ಹಿಡಿದು ಮಾತು ಕಲಿತ. ಅವನು ಬೇಗ ಹೊರಗೆ ಬಂದ ಕತೆಯನ್ನು ಅವನೇ ಹೇಳಿಕೊಳ್ಳುತ್ತಿದ್ದ. ಇನ್ನೊಬ್ಬ ಕೈದಿ ಎತ್ತರಕ್ಕೆ ಹತ್ತಿ ಕೂತು ಹಾರಿ ಸಾಯುತ್ತೇನೆ ಅಂದ. ಅಧಿಕಾರಿಗಳು ಹೇಳಿದರೂ ಕೇಳಲಿಲ್ಲ. ಪೀಟಿ ಹೋಗಿ ಮಾತಾಡಿ ಇಳಿಸಿದ, ಜೀವ ಉಳಿಸಿದ ಅಂತ ಶಿಕ್ಷೆ ಕಡಿಮೆಯಾಯಿತು. ಅವನನ್ನು ಅಲ್ಲಿ ಹತ್ತಿಸುವುದಕ್ಕೆ ಆರು ತಿಂಗಳು ಪುಸಲಾಯಿಸಿದವನೂ ತಾನೇ ಅಂತ ಪೀಟಿ ಆಮೇಲೆ ನಗುತ್ತಾ ಹೇಳುತ್ತಿದ್ದ. ನಿಜ ಎಷ್ಟು, ಮಸಾಲೆ ಎಷ್ಟು ಅನ್ನುವುದು ಅವನಿಗೇ ಗೊತ್ತು. ರೇಡಿಯೋಗೆ ಹೇಳಿ ಮಾಡಿಸಿದ ಮನುಷ್ಯ.

1966ರಲ್ಲಿ ಅವನು ಡಬ್ಲ್ಯುಓಎಲ್‌ನಲ್ಲಿ ಮಾತಿಗೆ ಕೂತ. ಬಡತನ, ಕುಡಿತ, ಜೈಲು, ರಾಜಕಾರಣಿಗಳ ಠಕ್ಕು ಎಲ್ಲವೂ ಬೀದಿಯ ಭಾಷೆಯಲ್ಲೇ ಬರುತ್ತಿತ್ತು. ಓದಿದ ಕಪ್ಪು ಜನರಲ್ಲೂ ಕೆಲವರಿಗೆ ಇರಿಸುಮುರಿಸು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದರು. ವಾಷಿಂಗ್ಟನ್ನಿನ 14ನೇ ಬೀದಿ, 7ನೇ ಬೀದಿ, ಎಚ್ ಸ್ಟ್ರೀಟ್ ಹೊತ್ತಿ ಉರಿದವು. ಮೈಕ್ ಮುಂದೆ ಕೂತು ಜನರನ್ನು ಸಮಾಧಾನ ಮಾಡಿದವರಲ್ಲಿ ಈ ಮಾಜಿ ದರೋಡೆಕೋರನೂ ಒಬ್ಬ. ಕೋಟು ಹಾಕಿದವರ ಮಾತು ನಡೆಯದ ಕಡೆ ಅವನ ಮಾತು ನಡೆಯಿತು. 1984ರಲ್ಲಿ ಅವನು ಸತ್ತಾಗ ಕೊನೆಯ ಸಲ ನೋಡುವುದಕ್ಕೆ ಸಾವಿರಾರು ಜನ ಚಳಿಯಲ್ಲಿ ಸಾಲು ನಿಂತರು.

ಈಗ ಮುಖ್ಯ ಪಾತ್ರ: ಕ್ಯಾಥಿ ಹ್ಯೂಸ್. 1947ರಲ್ಲಿ ಹುಟ್ಟಿದವರು, ಊರು ಒಮಾಹಾ. ಅವರ ತಾತ ಲಾರೆನ್ಸ್ ಜೋನ್ಸ್ 1909ರಲ್ಲಿ ಮಿಸಿಸಿಪಿಯ ಕಾಡಿನಂಥ ಜಾಗದಲ್ಲಿ ಕಪ್ಪು ಮಕ್ಕಳಿಗೆ ಶಾಲೆ ತೆರೆದವರು. ಮೊದಲ ಮಹಾಯುದ್ಧದ ಸಮಯ, ಬಿಳಿಯರ ಒಂದು ಗುಂಪು ಅವರನ್ನು ಹಿಡಿದು ಕೊರಳಿಗೆ ಹಗ್ಗ ಹಾಕಿತು. ಸಾಯುವ ಮುಂಚೆ ಏನಾದರೂ ಹೇಳು ಅಂದರು. ಇವರು ಶಾಲೆಯ ಬಗ್ಗೆ ಹೇಳುತ್ತಾ ಹೋದರು. ಗುಂಪು ಹಗ್ಗ ತೆಗೆದು, ಟೋಪಿ ಹಿಡಿದು ಶಾಲೆಗೆ ಚಂದಾ ಎತ್ತಿ ಕೊಟ್ಟು ಕಳಿಸಿತಂತೆ. 'ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುವ ನಮ್ಮ ಗಾದೆ ಈ ತಾತನಿಗೆ ಸರಿಯಾಗಿ ಹೊಂದುತ್ತದೆ. ಮೊಮ್ಮಗಳ ವಿಷಯದಲ್ಲಿ ಮಾತ್ರ ತಿರುಗಾ ಮುರುಗಾ. ಈ ಮಾತು ಬಲ್ಲವಳಿಗೆ ಜಗಳವೇ ಜಾಸ್ತಿ.

ಡಬ್ಲ್ಯುಓಎಲ್ ಮಾರಾಟಕ್ಕೆ ಬಂದಾಗ ಬೆಲೆ ಸುಮಾರು 10 ಲಕ್ಷ ಡಾಲರ್. ಕ್ಯಾಥಿ ಮತ್ತು ಗಂಡ ಡ್ಯೂವಿ ಹ್ಯೂಸ್ ಸಾಲ ಕೇಳಿಕೊಂಡು ಹೊರಟರು. 32 ಬ್ಯಾಂಕುಗಳು ಆಗಲ್ಲ ಅಂದವು ಅಂತ ಅವರೇ ಹೇಳಿಕೊಂಡಿದ್ದಾರೆ. 33ನೆಯದರಲ್ಲಿ ಸಾಲ ಕೊಟ್ಟಾಕೆ ಪೋರ್ಟೊ ರಿಕೋ ಮೂಲದ ಒಬ್ಬ ಹೆಂಗಸು. ಅದು 1980. ಅಮೆರಿಕದಲ್ಲಿ ಬಡ್ಡಿ ಆಕಾಶಕ್ಕೆ ಏರಿದ್ದ ಕಾಲ, ಆ ಡಿಸೆಂಬರಿನಲ್ಲಿ ಬ್ಯಾಂಕುಗಳ ಮೂಲ ದರವೇ 21.5%ಗೆ ಹೋಗಿತ್ತು. ಸಾಲ ಕೊಟ್ಟವರಿಗೆ ಬೇಕಾಗಿದ್ದದ್ದು ಹಾಡು, ಕ್ಯಾಥಿಗೆ ಬೇಕಾಗಿದ್ದದ್ದು ಮಾತು. ಕೊನೆಗೆ ಬೆಳಗಿನ ಹೊತ್ತು ಮಾತ್ರ ಮಾತು ಅಂತ ರಾಜಿಯಾಯಿತು. ಮಾತಾಡುವವರನ್ನು ಸಂಬಳಕ್ಕೆ ಇಡಲು ದುಡ್ಡಿಲ್ಲ. ಹಾಗಾಗಿ ತಾವೇ ಮೈಕ್ ಮುಂದೆ ಕೂತರು. ದೊಡ್ಡ ಯೋಜನೆಯೇನೂ ಅಲ್ಲ, ಬಡತನ ಕೂರಿಸಿದ್ದು.

ಮದುವೆ ಮುರಿಯಿತು. ಮನೆ ಹೋಯಿತು, ಕಾರು ಹೋಯಿತು. ಮಗ ಆಲ್ಫ್ರೆಡ್ ಆಗ ಹೈಸ್ಕೂಲು ಹುಡುಗ. ತಾಯಿ ಮಗ ಸ್ಟೇಷನ್ನಿಗೇ ಬಂದು ಸೇರಿಕೊಂಡರು. ಸ್ಲೀಪಿಂಗ್ ಬ್ಯಾಗಿನಲ್ಲಿ ನಿದ್ದೆ, ಹಾಟ್ ಪ್ಲೇಟಿನ ಮೇಲೆ ಅಡುಗೆ, ಸ್ಟೇಷನ್ನಿನ ಬಚ್ಚಲಲ್ಲೇ ಮುಖ ತೊಳೆಯುವುದು. ಬೆಳಿಗ್ಗೆ ಎದ್ದು ಹಾಸಿಗೆ ಸುತ್ತಿಟ್ಟು ಇಡೀ ಊರಿಗೆ ಗುಡ್ ಮಾರ್ನಿಂಗ್. ಮುತ್ತಜ್ಜಿಯಿಂದ ಬಂದ ಬಿಳಿ ಚಿನ್ನದ ಗಡಿಯಾರವನ್ನೂ ಮಾರಿದರು. ಸ್ಟೇಷನ್ ಇದ್ದದ್ದು ಎಚ್ ಸ್ಟ್ರೀಟಿನಲ್ಲಿ. 68ರಲ್ಲಿ ಸುಟ್ಟುಹೋಗಿ ಹತ್ತಾರು ವರ್ಷ ಹಾಳು ಸುರಿಯುತ್ತಿದ್ದ ಬೀದಿ ಅದು. ಕೇಳುಗರ ಕಷ್ಟ ಏನು ಅಂತ ಈ ನಿರೂಪಕಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

1986ರ ಸೆಪ್ಟೆಂಬರಿಗೆ ಬರೋಣ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ತನ್ನ ಭಾನುವಾರದ ಮ್ಯಾಗಜೀನನ್ನು ಹೊಸ ರೂಪದಲ್ಲಿ ತಂದಿತು. ದೊಡ್ಡ ಪ್ರಚಾರ, ದುಬಾರಿ ಕಾಗದ. ಮೊದಲ ಸಂಚಿಕೆಯ ಮುಖಪುಟದ ಲೇಖನ ಯಾವುದು ಗೊತ್ತಾ? ಕೊಲೆ ಆರೋಪ ಹೊತ್ತ ಒಬ್ಬ ಕಪ್ಪು ರ‍್ಯಾಪ್ ಹಾಡುಗಾರನದು. ಒಳಗೆ ರಿಚರ್ಡ್ ಕೋಹೆನ್ ಅವರ ಅಂಕಣ. ಆಭರಣದ ಅಂಗಡಿಯವರು ಬಾಗಿಲಿಗೆ ಬಜರ್ ಇಟ್ಟು, ಕಪ್ಪು ಹುಡುಗರು ಬಂದರೆ ಬಾಗಿಲು ತೆಗೆಯದೇ ಇದ್ದರೆ ಅದು ಅರ್ಥವಾಗುವಂಥದ್ದೇ ಅನ್ನುವ ಧಾಟಿ. ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ಜನ ಕಪ್ಪು ಜನರೇ ಇರುವ ಊರಿನ ಪತ್ರಿಕೆ ಇದು ಅನ್ನುವುದು ನೆನಪಿರಲಿ.

ಕ್ಯಾಥಿಯ ಕಾರ್ಯಕ್ರಮಕ್ಕೆ ಕಾವು ಹತ್ತಿತು. ಬರೀ ಬೈದು ಫೋನ್ ಇಡಬೇಡಿ, ಮ್ಯಾಗಜೀನನ್ನು ತಂದು ವಾಪಸು ಕೊಡಿ ಅಂದರು. ಜನ ಬಂದರು. ಪೋಸ್ಟ್ ಕಚೇರಿಯ ಮೆಟ್ಟಿಲ ಮೇಲೆ ಹೊಚ್ಚ ಹೊಸ ಮ್ಯಾಗಜೀನುಗಳ ಗುಡ್ಡೆ ಬಿತ್ತು. ಮುಂದಿನ ವಾರ ಮತ್ತೆ. ಅದರ ಮುಂದಿನ ವಾರ ಮತ್ತೆ. ಒಂದಲ್ಲ ಎರಡಲ್ಲ, ಸುಮಾರು ಮೂರು ತಿಂಗಳು. ನನಗೆ ಇದರಲ್ಲಿ ಇಷ್ಟವಾಗುವುದು ಈ ಸಣ್ಣ ವಿಷಯ: ಅವರು ಪತ್ರಿಕೆಯನ್ನು ಸುಡಲಿಲ್ಲ, ಓದಿ ಮಡಚಿ ತಂದು ಬಾಗಿಲಿಗೆ ಹಾಕಿದರು. ಹಳಸಿದ ಅನ್ನವನ್ನು ಹೋಟೆಲಿನ ಗಲ್ಲಾದ ಮುಂದೆ ಇಟ್ಟು ಬಂದ ಹಾಗೆ. ಕೊನೆಗೆ ಪ್ರಕಾಶಕ ಡೊನಾಲ್ಡ್ ಗ್ರಹಾಂ ಕ್ಷಮೆ ಕೇಳಿದರು, ಕ್ಯಾಥಿಯ ಕಾರ್ಯಕ್ರಮಕ್ಕೆ ಬಂದು ಕೂರುವುದಕ್ಕೆ ಒಪ್ಪಿದರು. ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ಪತ್ರಿಕೆ, ಸಾವಿರ ವಾಟಿನ ಸ್ಟೇಷನ್ನಿನ ಮುಂದೆ.

ಎಲ್ಲ ಸಲವೂ ಹೀಗೆ ಗೆಲುವಿನ ಕತೆಯಲ್ಲ. 1990ರ ಜನವರಿಯಲ್ಲಿ ಮೇಯರ್ ಮೇರಿಯನ್ ಬ್ಯಾರಿ ಹೋಟೆಲ್ ಕೋಣೆಯಲ್ಲಿ ಕ್ರ್ಯಾಕ್, ಅಂದರೆ ಕೊಕೇನ್‌ನಿಂದ ಮಾಡುವ ಮಾದಕ ವಸ್ತು, ಸೇದುತ್ತಾ ಎಫ್‌ಬಿಐ ಕ್ಯಾಮೆರಾಕ್ಕೆ ಸಿಕ್ಕಿಬಿದ್ದರು. ಊರು ಎರಡಾಯಿತು. ಒಬ್ಬರಿಗೆ ನಾಚಿಕೆಗೇಡು, ಇನ್ನೊಬ್ಬರಿಗೆ ಕಪ್ಪು ನಾಯಕನಿಗೆ ಬೇಕೆಂದೇ ಇಟ್ಟ ಬೋನು. ಜೈಲಿಗೆ ಹೋಗಿ ಬಂದ ಬ್ಯಾರಿ 1994ರಲ್ಲಿ ಮತ್ತೆ ಮೇಯರ್. ಹೊರಗಿನವರು ನಕ್ಕರು. ನನ್ನನ್ನು ಕೇಳಿದರೆ, ತಪ್ಪೂ ಮಾಡಿದ್ದರು, ಬೋನೂ ಇಟ್ಟಿದ್ದರು. ಎರಡೂ ಒಟ್ಟಿಗೆ ನಿಜವಾಗಬಹುದು.

ಇದಕ್ಕಿಂತ ಕಷ್ಟದ ಪ್ರಸಂಗ 1996ರದು. ಸ್ಯಾನ್ ಹೋಸೆ ಮರ್ಕ್ಯುರಿ ನ್ಯೂಸ್ ಅನ್ನುವ ಪತ್ರಿಕೆಯಲ್ಲಿ ಗ್ಯಾರಿ ವೆಬ್ ಅನ್ನುವ ವರದಿಗಾರ ಮೂರು ದಿನದ ಸರಣಿ ಬರೆದ. ನಿಕರಾಗುವಾದಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಬೆಂಬಲಿಸುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಹತ್ತಿರದವರು ಲಾಸ್ ಏಂಜಲೀಸ್‌ನಲ್ಲಿ ಕೊಕೇನ್ ಮಾರಿದರು, ಆ ದುಡ್ಡು ಬಂಡುಕೋರರಿಗೆ ಹೋಯಿತು ಅನ್ನುವುದು ಸಾರ. ದೊಡ್ಡ ಪತ್ರಿಕೆಗಳು ಮೊದಲಿಗೆ ಸುಮ್ಮನಿದ್ದವು. ಸುದ್ದಿಯನ್ನು ಎತ್ತಿಕೊಂಡು ದೇಶ ಸುತ್ತಿಸಿದ್ದರಲ್ಲಿ ಕಪ್ಪು ಜನರ ರೇಡಿಯೋ ಮಾತಿನ ಕಾರ್ಯಕ್ರಮಗಳ ಪಾಲು ದೊಡ್ಡದು. ಮುಂದೆ ಡಬ್ಲ್ಯುಓಎಲ್‌ಗೂ ಬಂದ ಜೋ ಮ್ಯಾಡಿಸನ್ ಅನ್ನುವ ನಿರೂಪಕರು ಸಿಐಎ ಕಚೇರಿಯ ಎದುರು ಪ್ರತಿಭಟಿಸಿ ಬಂಧನಕ್ಕೂ ಒಳಗಾದರು.

ಆದರೆ ಫೋನಿನಿಂದ ಫೋನಿಗೆ ಹೋಗುತ್ತಾ ಕತೆ ಬೆಳೆಯಿತು. ವೆಬ್ ಬರೆಯದೇ ಇದ್ದದ್ದೂ ಸೇರಿಕೊಂಡಿತು: ಸಿಐಎ ಬೇಕೆಂದೇ, ಕಪ್ಪು ಜನರನ್ನು ಮುಗಿಸುವುದಕ್ಕೆಂದೇ ಕ್ರ್ಯಾಕ್ ತಂದು ಸುರಿಯಿತು ಅಂತ. ಆಗ ವಾಷಿಂಗ್ಟನ್ ಪೋಸ್ಟ್, ನ್ಯೂಯಾರ್ಕ್ ಟೈಮ್ಸ್, ಲಾಸ್ ಏಂಜಲೀಸ್ ಟೈಮ್ಸ್ ಮೂರೂ ಎದ್ದು ಕೂತು ವೆಬ್ ಬರಹವನ್ನು ಚಿಂದಿ ಮಾಡಿದವು. ಆ ನವೆಂಬರಿನಲ್ಲಿ ಸಿಐಎ ಮುಖ್ಯಸ್ಥ ಜಾನ್ ಡಾಯ್ಚ್ ಸ್ವತಃ ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆಗೆ ಬಂದು ಸಭೆಯಲ್ಲಿ ಬೈಸಿಕೊಂಡರು. ಎರಡು ವರ್ಷದ ಮೇಲೆ, 1998ರಲ್ಲಿ, ಸಿಐಎಯ ಒಳ ತನಿಖೆಯ ವರದಿಯೇ ಒಪ್ಪಿಕೊಂಡಿತು: ಮಾದಕ ವಸ್ತು ಸಾಗಿಸುವ ಆರೋಪ ಇದ್ದವರ ಜೊತೆ ಸಂಸ್ಥೆ ವ್ಯವಹಾರ ಇಟ್ಟುಕೊಂಡಿತ್ತು. ಬೇಕೆಂದೇ ಸುರಿದದ್ದಕ್ಕೆ ಸಾಕ್ಷಿ ಸಿಗಲಿಲ್ಲ.

ಹಾಗಾದರೆ ರೇಡಿಯೋ ಮಾಡಿದ್ದು ಸರಿಯೋ ತಪ್ಪೋ? ನಾನು ಇಬ್ಬಂದಿಯಲ್ಲೇ ಇದ್ದೇನೆ. ಗಾಳಿಸುದ್ದಿ ಗಾಳಿಸುದ್ದಿಯೇ. ಆದರೆ ಟಸ್ಕೀಗಿ ಅನ್ನುವ ಊರಿನಲ್ಲಿ ನಡೆದದ್ದು ನೆನಪಿರಲಿ. 1932ರಿಂದ 1972ರವರೆಗೆ, 40 ವರ್ಷ, ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಸಿಫಿಲಿಸ್ ಇದ್ದ ಬಡ ಕಪ್ಪು ಗಂಡಸರಿಗೆ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿತ್ತು. ಯಾರಾದರೂ ಇದನ್ನು 1960ರಲ್ಲಿ ರೇಡಿಯೋಗೆ ಫೋನ್ ಮಾಡಿ ಹೇಳಿದ್ದರೆ ಹುಚ್ಚ ಅನ್ನುತ್ತಿದ್ದರು. ಒಂದು ಸಲ ಹಾವು ಕಚ್ಚಿದವನು ಹಗ್ಗ ನೋಡಿದರೂ ಹಾರುತ್ತಾನೆ, ಅವನನ್ನು ನೋಡಿ ನಗುವುದು ಸುಲಭ.

ಇಷ್ಟು ಹೇಳಿ ವಿಷದ ವಿಷಯ ಹೇಳದೆ ಹೋದರೆ ಮೋಸವಾಗುತ್ತದೆ. ನ್ಯೂಯಾರ್ಕಿನಲ್ಲಿ 1968ರ ಡಿಸೆಂಬರ್ 26ರಂದು, ಕೇಳುಗರ ಚಂದಾದಿಂದ ನಡೆಯುವ ಡಬ್ಲ್ಯುಬಿಎಐನಲ್ಲಿ, ಜೂಲಿಯಸ್ ಲೆಸ್ಟರ್ ಅನ್ನುವ ಕಪ್ಪು ನಿರೂಪಕರ ಕಾರ್ಯಕ್ರಮಕ್ಕೆ ಒಬ್ಬ ಮೇಷ್ಟ್ರು ಬಂದರು. ತಮ್ಮ ವಿದ್ಯಾರ್ಥಿ ಬರೆದ ಪದ್ಯ ಓದಿದರು. ಯಹೂದಿಗಳ ಮೇಲೆ ನೇರ ದ್ವೇಷದ ಪದ್ಯ. ಊರಿನ ಶಾಲೆಗಳಲ್ಲಿ ಆಗಷ್ಟೇ ದೊಡ್ಡ ಮುಷ್ಕರ ಮುಗಿದಿತ್ತು. ಒಂದು ಕಡೆ ಕಪ್ಪು ಪೋಷಕರು, ಇನ್ನೊಂದು ಕಡೆ ಬಹುಪಾಲು ಯಹೂದಿಗಳೇ ಇದ್ದ ಮೇಷ್ಟ್ರುಗಳ ಸಂಘ. ಸಂಘ ಸರ್ಕಾರಕ್ಕೆ ದೂರು ಕೊಟ್ಟಿತು. ಪ್ರಸಾರ ಆಯೋಗ ಶಿಕ್ಷೆ ಕೊಡಲು ಒಪ್ಪಲಿಲ್ಲ. ಮಕ್ಕಳ ಮನಸ್ಸಿನಲ್ಲಿ ಏನಿದೆ ಅಂತ ಊರಿಗೆ ಕೇಳಿಸಲಿ ಅನ್ನುವುದು ಲೆಸ್ಟರ್ ಸಮಜಾಯಿಷಿ. ಕೇಳಿಸುವುದು ಬೇರೆ, ಮೈಕ್ ಕೊಟ್ಟು ಮೆರೆಸುವುದು ಬೇರೆ ಅಂತ ನನ್ನ ಅಭಿಪ್ರಾಯ. ಇದೇ ಲೆಸ್ಟರ್ 1982ರಲ್ಲಿ ತಾವೇ ಯಹೂದಿ ಧರ್ಮಕ್ಕೆ ಸೇರಿದರು. ಮನುಷ್ಯರ ದಾರಿ ಹೀಗೆ ಎಲ್ಲೆಲ್ಲಿಗೋ ತಿರುಗುತ್ತದೆ.

1990ರಲ್ಲಿ ಬ್ರೂಕ್ಲಿನ್ನಿನ ಒಂದು ಕೊರಿಯನ್ ತರಕಾರಿ ಅಂಗಡಿಯಲ್ಲಿ ಜಗಳವಾಗಿ, ಕಪ್ಪು ಜನ ತಿಂಗಳುಗಟ್ಟಲೆ ಬಹಿಷ್ಕಾರ ಹಾಕಿದರು. ಆಗ ಡಬ್ಲ್ಯುಎಲ್‌ಐಬಿಯಲ್ಲಿ ಬಹಿಷ್ಕಾರದ ಪರ ಮಾತು ಜೋರಾಗಿತ್ತು. ಊರಿನ ಮೊದಲ ಕಪ್ಪು ಮೇಯರ್ ಡೇವಿಡ್ ಡಿಂಕಿನ್ಸ್ ಕೊನೆಗೆ ಆ ಅಂಗಡಿಗೆ ಹೋಗಿ ವ್ಯಾಪಾರ ಮಾಡಿ ಬಂದರು, ತಮ್ಮವರಿಂದಲೇ ಬೈಸಿಕೊಂಡರು. ಅವರು ಹಿಂದೆ ಈ ಸ್ಟೇಷನ್ನಿನ ಕಂಪನಿಯಲ್ಲಿ ಷೇರು ಇಟ್ಟುಕೊಂಡಿದ್ದವರು.

ಇಂಥ ಹೊತ್ತಿನಲ್ಲಿ ನಿರೂಪಕರ ಕೈಯಲ್ಲಿ ಇರುವುದು ಒಂದು ಗುಂಡಿ. ನೇರ ಪ್ರಸಾರ ಅನ್ನುವುದು ಪೂರ್ತಿ ನೇರ ಅಲ್ಲ, ಸುಮಾರು 7 ಸೆಕೆಂಡ್ ಹಿಂದೆ ಇರುತ್ತದೆ. ಹಳೇ ಕಾಲದಲ್ಲಿ ಟೇಪು ಒಂದು ಕಡೆ ದನಿ ಹಿಡಿದು, ಒಂದು ಸುತ್ತು ಹಾಕಿ, ಇನ್ನೊಂದು ಕಡೆ ಬಿಡುತ್ತಿತ್ತು. ಆ ಸುತ್ತು ಮುಗಿಯುವುದರೊಳಗೆ ಗುಂಡಿ ಒತ್ತಿದರೆ ಮಾತು ಗಾಳಿಗೆ ಹೋಗುವುದಿಲ್ಲ. ಅಲ್ಲಿಯೂ ಫೋನ್ ಮಾಡಿದವರಿಗೆ ಮೊದಲು ಹೇಳುವ ಮಾತು ನಾನು ಹೇಳುತ್ತಿದ್ದದ್ದೇ: ರೇಡಿಯೋ ಸೌಂಡ್ ಕಮ್ಮಿ ಮಾಡಿ. ಇಲ್ಲದಿದ್ದರೆ ತಾನು ಆಡಿದ ಮಾತು ತನಗೇ 7 ಸೆಕೆಂಡ್ ತಡವಾಗಿ ಕೇಳಿಸಿ, ಮನುಷ್ಯ ಗಲಿಬಿಲಿಯಾಗುತ್ತಾನೆ. ಕೆಟ್ಟ ಶಬ್ದಕ್ಕೆ ಗುಂಡಿ ಒತ್ತುವುದು ಸುಲಭ. ಕೆಟ್ಟ ವಿಚಾರ ಸಭ್ಯ ಭಾಷೆಯಲ್ಲಿ ಬಂದರೆ 7 ಸೆಕೆಂಡಿನಲ್ಲಿ ಏನು ನಿರ್ಧಾರ ಮಾಡುತ್ತೀರಿ? ಮೈಕ್ ಮುಂದೆ ಕೂತವನಾಗಿ ಹೇಳುತ್ತೇನೆ, ಅದು ಬಹಳ ಕಡಿಮೆ ಸಮಯ.

ಮುಂದೆ ಏನಾಯಿತು ಅನ್ನುವುದನ್ನು ಬೇಗ ಹೇಳುತ್ತೇನೆ. 1996ರ ಹೊಸ ಕಾನೂನು ಒಬ್ಬರ ಕೈಯಲ್ಲಿ ಎಷ್ಟು ಸ್ಟೇಷನ್ ಇರಬಹುದು ಅನ್ನುವ ದೇಶ ಮಟ್ಟದ ಮಿತಿಯನ್ನು ತೆಗೆದುಹಾಕಿತು. ಸಣ್ಣ ಸಣ್ಣ ಒಡೆಯರು ಮಾರಿ ಹೋದರು. ಕ್ಯಾಥಿ ಮಾತ್ರ ಕೊಳ್ಳುವವರ ಸಾಲಿನಲ್ಲಿದ್ದರು. 1999ರಲ್ಲಿ ಅವರ ಕಂಪನಿ ಷೇರುಪೇಟೆಗೆ ಬಂತು. ಅಂಥ ಕಂಪನಿಯ ಚುಕ್ಕಾಣಿ ಹಿಡಿದ ಮೊದಲ ಆಫ್ರಿಕನ್ ಅಮೆರಿಕನ್ ಹೆಂಗಸು ಅವರು. ಸ್ಟೇಷನ್ನುಗಳ ಸಂಖ್ಯೆ 60 ದಾಟಿತು. 2009ರಲ್ಲಿ, ರೇಡಿಯೋದಲ್ಲಿ ಹಾಡು ಹಾಕಿದರೆ ಹಾಡಿದವರಿಗೂ ದುಡ್ಡು ಕೊಡಬೇಕು ಅನ್ನುವ ಮಸೂದೆ ಬಂದಾಗ, ಇದು ಕಪ್ಪು ಜನರ ರೇಡಿಯೋವನ್ನು ಕೊಲ್ಲುತ್ತದೆ ಅಂತ ತಮ್ಮ ಸ್ಟೇಷನ್ನುಗಳಲ್ಲೇ ಪ್ರಚಾರ ಮಾಡಿದರು. ಮಸೂದೆಯ ಹಿಂದೆ ಇದ್ದವರು ಜಾನ್ ಕಾನ್ಯರ್ಸ್, ಹಿರಿಯ ಕಪ್ಪು ಸಂಸದ. ಒಂದು ಕಾಲದಲ್ಲಿ ಪೋಸ್ಟ್ ಬಾಗಿಲಿಗೆ ಹೋಗಿದ್ದ ಮಾತು ಈಗ ಕಂಪನಿಯ ಲೆಕ್ಕದ ಪುಸ್ತಕ ಕಾಯುತ್ತಿದೆ ಅಂತ ಕೆಲವರು ಗೊಣಗಿದರು. ಅದು ಪೂರ್ತಿ ಸುಳ್ಳೂ ಅಲ್ಲ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಪ್ರಶ್ನೆಗಳು.

ಕಾಲೇಜು ಹುಡುಗನೊಬ್ಬ ಕೇಳಿದ: "ಸಾರ್, ನಮ್ಮ ಸಮುದಾಯ ರೇಡಿಯೋದಲ್ಲಿ ಇಂಥದ್ದು ಮಾಡಬಹುದಾ?" ಕಷ್ಟ ಅಂದೆ. ನಮ್ಮಲ್ಲಿ ಖಾಸಗಿ ಎಫ್‌ಎಂ ಆಗಲಿ ಸಮುದಾಯ ರೇಡಿಯೋ ಆಗಲಿ ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು ಅಷ್ಟೇ. ಸಮುದಾಯ ರೇಡಿಯೋಗೆ ಕೊಡುವ ಶಕ್ತಿ ಬಹುತೇಕ 50 ವಾಟ್. ಅವನು ತಲೆ ಕೆರೆದುಕೊಂಡು ಕೂತ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದರು. ಎಷ್ಟೋ ಹೊತ್ತಿನಿಂದ ಕಾಯುತ್ತಿದ್ದರು ಅನ್ನಿಸುತ್ತದೆ. "ಅಲ್ಲಪ್ಪಾ, ಇಷ್ಟೆಲ್ಲ ಮಾತೇ ಆಯ್ತು. ಫೋನ್ ಮಾಡಿದವರಿಗೆ ಒಂದು ಹಾಡೂ ಹಾಕ್ತಿರಲಿಲ್ವಾ?"

ಸಭೆ ನಕ್ಕಿತು. ಆದರೆ ನಾನು ಹೇಳಲು ಮರೆತಿದ್ದನ್ನೇ ಅವರು ಕೇಳಿದ್ದರು. 1987ರಲ್ಲಿ ಕ್ಯಾಥಿ ಒಂದು ಎಫ್‌ಎಂ ಸ್ಟೇಷನ್ ಕೊಂಡರು. ಹಾಟ್ ಪ್ಲೇಟಿನ ಅಡುಗೆ ಉಂಡು ಬೆಳೆದ ಮಗ ಆಲ್ಫ್ರೆಡ್, ಅಮ್ಮಾ ಇದರಲ್ಲಿ ಮಾತು ಬೇಡ, ಹಾಡು ಹಾಕೋಣ ಅಂತ ಹಟ ಹಿಡಿದ. 'ಸೋಲ್' ಅನ್ನುವ ಕಪ್ಪು ಜನರ ಧಾಟಿಯ ಹಳೇ ಹೊಸ ಹಾಡುಗಳು ಶುರುವಾದವು. ಲಾಭ ಬಂದದ್ದು ಅಲ್ಲಿಂದ. 1450ರ ಮಾತು ನಿಲ್ಲದೆ ನಡೆದದ್ದು ಆ ಹಾಡಿನ ದುಡ್ಡಿನಿಂದ.

"ಹಾಗಾದ್ರೆ ಸರಿ" ಅಂತ ಆ ಅಮ್ಮ ಕೂತರು.